ಚಟ ಬಿಟ್ಟವರ ಬೆಂಬಲ ಸಭೆಗಳಿಗೆ ಚರ್ಚೆಯ ವಿಷಯ ಆರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ವಾರಕ್ಕೊಮ್ಮೆ ಸೇರುವ ಬೆಂಬಲ ಗುಂಪಿನಲ್ಲಿ ಸಭೆ ನಡೆಸುವ ಸರದಿ ಬಂದವರನ್ನು ಎಲ್ಲಕ್ಕಿಂತ ಮೊದಲು ಕಾಡುವುದು "ಇವತ್ತು ಯಾವುದರ ಬಗ್ಗೆ ಮಾತಾಡುವುದು?" ಎಂಬ ಚಿಂತೆ. ಅಂಥವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದೆ. ಉತ್ತರಗಳನ್ನು ಬರೆಯುವಾಗ ಮನಸ್ಸಿನಲ್ಲಿದ್ದುದು ಹೆಚ್ಚಾಗಿ ಕುಡಿತ ಬಿಟ್ಟವರ ಮತ್ತು ಬಿಡಲು ಹೊರಟವರ ಸಭೆಗಳು. ತಂಬಾಕು, ಗಾಂಜಾ, ಮಾತ್ರೆ, ಜೂಜು ಇವುಗಳಿಂದ ಹೊರಬರುತ್ತಿರುವವರ ಗುಂಪುಗಳಿಗೂ ಇವುಗಳಲ್ಲಿ ಬಹುಪಾಲು ಹೊಂದುತ್ತದೆ.

ವಿಷಯ ಅಂತ ಒಂದು ಏಕೆ ಬೇಕು? ಬಂದವರು ತಮಗೆ ತೋಚಿದ್ದನ್ನು ಹೇಳಿಕೊಂಡರೆ ಸಾಲದೆ?

ಸಾಲುತ್ತದೆ, ಹಾಗೆ ನಡೆಯುವ ಒಳ್ಳೆಯ ಸಭೆಗಳೂ ಇವೆ. ಆದರೆ ವಿಷಯವಿಲ್ಲದ ಸಭೆಯಲ್ಲಿ ಮಾತು ಬಲ್ಲವರೇ ಮಾತಾಡುತ್ತಾರೆ, ಮಾತು ಬಾರದವರು ಮೂಲೆಯ ಕುರ್ಚಿಯಲ್ಲಿ ಕುಳಿತು ಹಾಗೆಯೇ ಎದ್ದು ಹೋಗುತ್ತಾರೆ. ಬಹಳ ವರ್ಷ ಕುಡಿದವನಿಗೆ ತನ್ನ ಮನಸ್ಸಿನಲ್ಲಿ ಏನಾಗುತ್ತಿದೆ ಎಂದು ಹೇಳುವ ಅಭ್ಯಾಸವೇ ತಪ್ಪಿಹೋಗಿರುತ್ತದೆ. "ಹೇಗಿದ್ದೀರಿ?" ಎಂದರೆ "ಪರವಾಗಿಲ್ಲ ಸಾರ್" ಎನ್ನುತ್ತಾನೆ, ಅಲ್ಲಿಗೆ ಮಾತು ಮುಗಿಯಿತು. ಅದೇ ಮನುಷ್ಯನನ್ನು "ನಿನ್ನೆ ಸಂಜೆ ಕೆಲಸ ಬಿಟ್ಟ ಮೇಲೆ ಮನೆಗೆ ಯಾವ ದಾರಿಯಲ್ಲಿ ಹೋದಿರಿ?" ಎಂದು ಕೇಳಿದರೆ, ಬಾರಿನ ಮುಂದಿನ ರಸ್ತೆ ತಪ್ಪಿಸಲು ಒಂದೂವರೆ ಕಿಲೋಮೀಟರು ಸುತ್ತಿಕೊಂಡು ಹೋದದ್ದನ್ನು ಹೇಳುತ್ತಾನೆ. ಹಾಗೆ ಕೈ ಹಿಡಿದು ಒಳಕ್ಕೆ ಕರೆಯುವುದು ವಿಷಯದ ಕೆಲಸ.

ಒಳ್ಳೆಯ ವಿಷಯವನ್ನು ಗುರುತಿಸುವುದು ಹೇಗೆ?

ನಾನು ಮೂರು ಪ್ರಶ್ನೆಗಳನ್ನು ಹಾಕಿ ನೋಡುತ್ತೇನೆ. ಮೂರು ದಿನದ ಹಿಂದೆ ಬಿಟ್ಟವನೂ ಹತ್ತು ವರ್ಷದ ಹಿಂದೆ ಬಿಟ್ಟವನೂ ಇದಕ್ಕೆ ತಂತಮ್ಮ ಬದುಕಿನಿಂದಲೇ ಉತ್ತರ ಹೇಳಬಲ್ಲರೆ? ಉತ್ತರ "ನಾನು" ಎಂದು ಶುರುವಾಗುತ್ತದೆಯೆ, ಅಥವಾ "ಮನುಷ್ಯ ಎಂದಮೇಲೆ" ಎಂದು ಶುರುವಾಗುತ್ತದೆಯೆ? ಮೂರು ನಾಲ್ಕು ನಿಮಿಷಗಳಲ್ಲಿ ಹೇಳಿ ಮುಗಿಸಬಹುದೆ? ಮೂರಕ್ಕೂ ಒಪ್ಪುವ ಉತ್ತರ ಬಂದರೆ ಆ ವಿಷಯವನ್ನು ಧೈರ್ಯವಾಗಿ ಸಭೆಯ ಮುಂದಿಡಬಹುದು.

'ಮದ್ಯಪಾನದ ದುಷ್ಪರಿಣಾಮಗಳು' ಎಂಬುದು ಹೈಸ್ಕೂಲಿನ ಪ್ರಬಂಧಕ್ಕೆ ತಕ್ಕ ತಲೆಬರಹ. ಆ ಕೋಣೆಯಲ್ಲಿ ಕುಳಿತ ಒಬ್ಬೊಬ್ಬರೂ ಆ ದುಷ್ಪರಿಣಾಮಗಳನ್ನು ಮೈಮೇಲೆ ಹೊತ್ತು ಬಂದವರೇ ಆಗಿರುವುದರಿಂದ ಅವರಿಗೆ ಅದನ್ನು ಹೇಳಿಕೊಡುವ ಅಗತ್ಯವಿಲ್ಲ. 'ಕ್ಷಮೆ', 'ಪ್ರಾಮಾಣಿಕತೆ', 'ಕೃತಜ್ಞತೆ' ಮುಂತಾದ ಒಂದೇ ಪದದ ವಿಷಯಗಳು ಇಂಗ್ಲಿಷಿನ ಪಟ್ಟಿಗಳಿಂದ ಹಾಗೆಯೇ ಇಳಿದು ಬಂದಿರುತ್ತವೆ. ಅವು ತಪ್ಪಲ್ಲ. ಆದರೆ ಕನ್ನಡದಲ್ಲಿ ಆ ಪದಗಳನ್ನು ಎತ್ತಿದೊಡನೆ ನಮಗೆ ಪ್ರವಚನದ ಧ್ವನಿ ಬಂದುಬಿಡುತ್ತದೆ, ಕುಳಿತವರು ಬೆನ್ನು ನೆಟ್ಟಗೆ ಮಾಡಿಕೊಂಡು ಒಳ್ಳೆಯ ಮಾತುಗಳನ್ನಾಡಲು ತೊಡಗುತ್ತಾರೆ. ಆದ್ದರಿಂದ ದೊಡ್ಡ ಪದವನ್ನು ದಿನನಿತ್ಯದ ಒಂದು ಪ್ರಶ್ನೆಯ ಮಟ್ಟಕ್ಕೆ ಇಳಿಸಬೇಕು. 'ಕ್ಷಮೆ' ಎನ್ನುವ ಬದಲು "ಊರಿನಲ್ಲಿ ಯಾರ ಮನೆಯ ಮುಂದೆ ಹಾದುಹೋಗಲು ನಿಮಗೆ ಇನ್ನೂ ಮುಜುಗರ?" ಎಂದು ಕೇಳಿ. 'ಪ್ರಾಮಾಣಿಕತೆ' ಎನ್ನುವ ಬದಲು "ಕುಡಿಯುತ್ತಿದ್ದ ಕಾಲದ ಯಾವ ಸುಳ್ಳು ಈಗಲೂ ನಾಲಿಗೆಯ ತುದಿಯಲ್ಲಿದೆ?" ಎಂದು ಕೇಳಿ. 'ಸಮಯದ ಸದುಪಯೋಗ' ಎಂಬ ಒಣ ಮಾತಿಗಿಂತ "ಸಂಜೆ ಆರರಿಂದ ಒಂಬತ್ತರವರೆಗೆ ಏನು ಮಾಡುತ್ತೀರಿ?" ಎಂಬುದು ಎಷ್ಟೋ ಪಾಲು ಮೇಲು. ಬಾಟಲಿ ಹೋದ ಮೇಲೆ ಖಾಲಿ ಉಳಿಯುವುದು ಆ ಮೂರು ಗಂಟೆಗಳೇ, ಮತ್ತು ಅವುಗಳ ಬಗ್ಗೆ ಹೇಳಲು ಏನೂ ಇಲ್ಲದವರನ್ನು ನಾನು ಇದುವರೆಗೆ ಕಂಡಿಲ್ಲ.

ವಿಷಯವನ್ನು ಯಾರು ಆರಿಸಬೇಕು? ಮೊದಲೇ ತಿಳಿಸಬೇಕೆ?

ಅಂದಿನ ಸಭೆ ನಡೆಸುವವರು ಆರಿಸುವುದು ರೂಢಿ. ನಡೆಸುವವರು ಸರದಿಯಂತೆ ಬದಲಾಗುತ್ತಿರುವುದು ಮುಖ್ಯ. ಒಬ್ಬರೇ ವರ್ಷಗಟ್ಟಲೆ ಆರಿಸುತ್ತಿದ್ದರೆ, ಅವರ ಮನಸ್ಸಿನ ಹುಣ್ಣುಗಳೇ ಇಡೀ ಗುಂಪಿನ ಪಠ್ಯಕ್ರಮವಾಗಿಬಿಡುತ್ತವೆ. ಇನ್ನೊಂದು ಕ್ರಮವೂ ಚೆನ್ನಾಗಿದೆ: ಹಳೆಯ ಬಿಸ್ಕತ್ತಿನ ಡಬ್ಬಿಯೊಂದನ್ನು ಬಾಗಿಲ ಬಳಿ ಇಟ್ಟು, ಹೆಸರು ಬರೆಯದ ಚೀಟಿಗಳನ್ನು ಹಾಕಲು ಹೇಳುವುದು. ಬಾಯಿಬಿಟ್ಟು ಕೇಳಲಾಗದ ಪ್ರಶ್ನೆಗಳು, ಉದಾಹರಣೆಗೆ ದಾಂಪತ್ಯದ ಹಾಸಿಗೆಗೆ ಸಂಬಂಧಿಸಿದವು, ಆ ಡಬ್ಬಿಯಿಂದಲೇ ಬರುತ್ತವೆ. ಅಕ್ಷರ ಬಾರದ ಸದಸ್ಯರಿದ್ದರೆ ಚೀಟಿ ಬರೆದುಕೊಡಲು ಒಬ್ಬ ನಂಬಿಕಸ್ಥರನ್ನು ಗೊತ್ತು ಮಾಡಬೇಕು.

ಮೊದಲೇ ತಿಳಿಸುವುದಕ್ಕೆ ನನ್ನ ಒಲವು ಕಡಿಮೆ. ಒಂದು ವಾರ ಮೊದಲೇ ತಿಳಿದರೆ ಜನ ಸಿದ್ಧಪಡಿಸಿಕೊಂಡು ಬರುತ್ತಾರೆ, ಸಿದ್ಧಪಡಿಸಿದ ಮಾತಿನಲ್ಲಿ ಇಸ್ತ್ರಿ ಹಾಕಿದ ಅಂಗಿಯ ಬಿಗಿತವಿರುತ್ತದೆ. ಆದರೆ ಸಾವು, ಹಿಂಸೆ, ಬಾಲ್ಯದ ನೋವು ಮುಂತಾದ ಭಾರದ ವಿಷಯಗಳನ್ನು ಮಾತ್ರ ಹಿಂದಿನ ವಾರವೇ ಹೇಳಿಬಿಡಬೇಕು. ಆ ದಿನ ಬರುವುದೋ ಬೇಡವೋ ಎಂದು ನಿರ್ಧರಿಸುವ ಹಕ್ಕು ಸದಸ್ಯರಿಗೆ ಉಳಿಯಬೇಕು.

ಎಎ ಸಭೆಗಳಿಗೂ ಬೇರೆ ಗುಂಪುಗಳಿಗೂ ಈ ವಿಷಯದಲ್ಲಿ ವ್ಯತ್ಯಾಸವಿದೆಯೆ?

ಇದೆ. 1935ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಪಟ್ಟಣದಲ್ಲಿ ಇಬ್ಬರು ಕುಡುಕರು, ಒಬ್ಬ ಷೇರು ವ್ಯವಹಾರದವ, ಒಬ್ಬ ಶಸ್ತ್ರವೈದ್ಯ, ಪರಸ್ಪರ ಮಾತಾಡಿ ಕುಡಿತದಿಂದ ದೂರ ಉಳಿದದ್ದೇ ಎಎ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್ಸಿನ ಮೂಲ. ಅಂದರೆ ಆ ಪರಂಪರೆ ಹುಟ್ಟಿದ್ದೇ ಒಬ್ಬ ತನ್ನ ಕಥೆ ಹೇಳುವುದರಿಂದ, ಇನ್ನೊಬ್ಬ ಕೇಳುವುದರಿಂದ. ಹೀಗಾಗಿ ಎಎ ಸಭೆಯಲ್ಲಿ ಹಂಚಿಕೆ, ಅಲ್ಲಿನವರ ಮಾತಿನಲ್ಲಿ 'ಶೇರಿಂಗ್', ಒಬ್ಬರಾದ ಮೇಲೆ ಒಬ್ಬರದು. ಒಬ್ಬರು ಹೇಳಿದ್ದಕ್ಕೆ ಮತ್ತೊಬ್ಬರು ಎದುರು ಮಾತಾಡುವುದು, ಸಲಹೆ ಕೊಡುವುದು ಬಹುತೇಕ ಸಭೆಗಳಲ್ಲಿ ನಿಷಿದ್ಧ. ಕುಡಿತದಿಂದ ಹೊರಬರಲು ಎಎ ಹಾಕಿಕೊಟ್ಟ ಹನ್ನೆರಡು ಹೆಜ್ಜೆಗಳೇ ಇಲ್ಲಿ ವಿಷಯಗಳ ಸಿದ್ಧ ಭಂಡಾರವಾಗಿವೆ; ತಿಂಗಳಿಗೊಂದು ಹೆಜ್ಜೆ ಎಂದರೂ ವರ್ಷ ತುಂಬುತ್ತದೆ. 1953ರಲ್ಲಿ ಲಾಸ್ ಏಂಜಲೀಸಿನಲ್ಲಿ ಆರಂಭವಾದ ನಾರ್ಕೋಟಿಕ್ಸ್ ಅನಾನಿಮಸ್ಸಿನಲ್ಲೂ, ಕುಡಿಯುವವರ ಕುಟುಂಬದವರಿಗಾಗಿ 1951ರಲ್ಲಿ ರೂಪುಗೊಂಡ ಅಲ್-ಅನಾನಿನಲ್ಲೂ ಹೆಚ್ಚುಕಡಿಮೆ ಇದೇ ಪದ್ಧತಿ.

1994ರಿಂದ ನಡೆಯುತ್ತಿರುವ ಸ್ಮಾರ್ಟ್ ರಿಕವರಿ ಎಂಬ ಬೆಂಬಲ ಗುಂಪುಗಳದು ಬೇರೆ ದಾರಿ. ಅಲ್ಲಿ ಸದಸ್ಯರು ಪರಸ್ಪರ ಪ್ರಶ್ನೆ ಕೇಳಬಹುದು, ಉಪಾಯ ಹೇಳಬಹುದು. ಛಲವನ್ನು ಉಳಿಸಿಕೊಳ್ಳುವುದು, ಸೆಳೆತವನ್ನು ನಿಭಾಯಿಸುವುದು, ಯೋಚನೆ ಮತ್ತು ನಡವಳಿಕೆಗಳನ್ನು ಹತೋಟಿಯಲ್ಲಿಡುವುದು, ಸಮತೋಲದ ಬದುಕು ಎಂಬ ನಾಲ್ಕು ಅಂಶಗಳ ಸುತ್ತ ಅಲ್ಲಿನ ಮಾತು ಸಾಗುತ್ತದೆ. ಕರ್ನಾಟಕದ ಹಳ್ಳಿಗಳಲ್ಲಿ ಇವೆರಡಕ್ಕಿಂತ ಹೆಚ್ಚು ಪರಿಚಿತವಾದದ್ದು ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ ಮತ್ತು ಶಿಬಿರದಿಂದ ಹೊರಬಂದವರ ನವಜೀವನ ಸಮಿತಿ. ಅಲ್ಲಿ ಭಜನೆ, ಪ್ರಾರ್ಥನೆ, ಊರ ಹಿರಿಯರ ಸಮ್ಮುಖ ಎಲ್ಲವೂ ಇರುತ್ತದೆ. ಇಳಕಲ್ಲಿನ ಮಹಾಂತ ಸ್ವಾಮಿಗಳು ಮನೆಮನೆಗೆ ಹೋಗಿ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಜೋಳಿಗೆಗೆ ಹಾಕಿಸಿಕೊಂಡ ಪರಂಪರೆಯೂ ಉತ್ತರ ಕರ್ನಾಟಕದ ಗುಂಪುಗಳ ನೆನಪಿನಲ್ಲಿದೆ. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸುತ್ತಾರೆ. "ಆ ಜೋಳಿಗೆ ಇವತ್ತು ನಿಮ್ಮ ಮುಂದೆ ಬಂದರೆ ಅದರಲ್ಲಿ ಏನನ್ನು ಹಾಕುತ್ತೀರಿ, ಏನನ್ನು ಬಚ್ಚಿಟ್ಟುಕೊಳ್ಳುತ್ತೀರಿ?" ಎಂಬ ಪ್ರಶ್ನೆ ಆ ವಾರಕ್ಕೆ ಬಹಳ ಒಗ್ಗುತ್ತದೆ. ಇದರ ಎರಡನೆಯ ಭಾಗವನ್ನು ಬಿಡಬೇಡಿ, ಮಾತಿನ ತಿರುಳು ಅಲ್ಲಿದೆ.

ಹೊಸಬರು ಬಂದ ದಿನ ಸಿದ್ಧಪಡಿಸಿಕೊಂಡ ವಿಷಯವನ್ನು ಬದಲಿಸಬೇಕೆ?

ಬದಲಿಸಬೇಕು. ಕೈ ನಡುಗುತ್ತಿರುವ ಮನುಷ್ಯನ ಮುಂದೆ 'ಒಂಬತ್ತನೆಯ ಹೆಜ್ಜೆಯಲ್ಲಿ ಎದುರಾಗುವ ತೊಡಕುಗಳು' ಎಂಬ ಚರ್ಚೆ ನಡೆಸಿದರೆ ಅವನು ಮುಂದಿನ ವಾರ ಬರುವುದಿಲ್ಲ. "ನಾನು ಮೊದಲ ಸಲ ಇಲ್ಲಿಗೆ ಬಂದ ದಿನ" ಎಂಬುದಕ್ಕಿಂತ ಒಳ್ಳೆಯ ವಿಷಯ ಆ ಹೊತ್ತಿಗೆ ಇಲ್ಲ. ಹಳಬರು ಒಬ್ಬೊಬ್ಬರೇ, ಬಾಗಿಲವರೆಗೆ ಬಂದು ಎರಡು ಸಲ ಹಿಂತಿರುಗಿದ್ದನ್ನೋ, ಹೆಂಡತಿಯ ಒತ್ತಾಯಕ್ಕೆ ಬಂದು ಕಿಟಕಿ ನೋಡುತ್ತಾ ಕುಳಿತದ್ದನ್ನೋ ಹೇಳುತ್ತಾರೆ. ಹೊಸಬ ಮಾತಾಡಲೇಬೇಕೆಂಬ ಕಟ್ಟುಪಾಡು ಬೇಡ.

ಇಲ್ಲಿ ಒಂದು ಎಚ್ಚರಿಕೆಯನ್ನು ವಿಷಯಕ್ಕಿಂತ ಮುಂದಿಡಬೇಕು. ದಿನಾಲೂ ಹೆಚ್ಚು ಕುಡಿಯುತ್ತಿದ್ದವರು ಥಟ್ಟನೆ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ದಿಕ್ಕು ಕಾಲ ತಿಳಿಯದ ಸನ್ನಿ ಹಿಡಿಯಬಹುದು, ಅದು ಪ್ರಾಣಕ್ಕೂ ಅಪಾಯ. "ನಿನ್ನೆಯಿಂದ ಬಿಟ್ಟೆ" ಎಂದು ಬೆವರುತ್ತಾ ಕುಳಿತವರನ್ನು ಅಭಿನಂದಿಸಿ ಮನೆಗೆ ಕಳುಹಿಸಬೇಡಿ. ಸಭೆಯ ನಡುವೆಯೇ ಆದರೂ ಒಬ್ಬರು ಜೊತೆಗೆ ಹೋಗಿ ವೈದ್ಯರಿಗೆ ತೋರಿಸಬೇಕು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕಾಗಲಿ, ಬೆಂಗಳೂರಿನವರಾದರೆ ನಿಮ್ಹಾನ್ಸಿನ ವ್ಯಸನ ಚಿಕಿತ್ಸಾ ಕೇಂದ್ರಕ್ಕಾಗಲಿ ಕರೆದೊಯ್ಯಬಹುದು.

ಕುಡಿತದ ಬಗ್ಗೆಯೇ ಮಾತಾಡುತ್ತಿದ್ದರೆ ಕುಡಿಯುವ ಆಸೆ ಹುಟ್ಟುವುದಿಲ್ಲವೆ?

ಹುಟ್ಟಬಹುದು, ಅದು ಹೇಗೆ ಮಾತಾಡುತ್ತೇವೆ ಎಂಬುದರ ಮೇಲಿದೆ. ಯಾವ ಬ್ರ್ಯಾಂಡು, ಜೊತೆಗೆ ಯಾವ ನೆಂಜಿಕೊಳ್ಳುವಿಕೆ, ಒಂದೇ ಗುಕ್ಕಿಗೆ ಎಷ್ಟು ಕ್ವಾರ್ಟರು ಎಂಬ ಪರಾಕ್ರಮದ ವರ್ಣನೆ ಶುರುವಾದರೆ ಕೋಣೆಯಲ್ಲಿ ಕೆಲವರ ಬಾಯಲ್ಲಿ ನೀರೂರುವುದು ಮುಖದಲ್ಲೇ ಕಾಣುತ್ತದೆ. ನಗು ಹೆಚ್ಚಾಗುತ್ತದೆ, ಕಣ್ಣು ಹೊಳೆಯುತ್ತವೆ. ಆಗ ನಡೆಸುವವರು ಮೆಲ್ಲಗೆ "ಮರುದಿನ ಬೆಳಿಗ್ಗೆ ಏನಾಯಿತು?" ಎಂದು ಕೇಳಿದರೆ ಸಾಕು, ಕಥೆ ತನ್ನಷ್ಟಕ್ಕೆ ನೆಲಕ್ಕಿಳಿಯುತ್ತದೆ.

ಸೆಳೆತವನ್ನು ವಿಷಯವಾಗಿ ಎತ್ತಿಕೊಳ್ಳುವುದಾದರೆ ಅದರ ಆಯುಷ್ಯದ ಮೇಲೆ ಮಾತು ನಿಲ್ಲಿಸಿ. ಸೆಳೆತ ಎಂಬುದು ಅಲೆಯ ಹಾಗೆ ಏರಿ, ತುದಿ ಮುಟ್ಟಿ, ಇಳಿಯುತ್ತದೆ. ಅದಕ್ಕೆ ಏನನ್ನೂ ಉಣಿಸದಿದ್ದರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಕುಗ್ಗುತ್ತದೆ. "ಕಳೆದ ಸಲ ಅಲೆ ಎದ್ದಾಗ ಆ ಅರ್ಧ ಗಂಟೆಯನ್ನು ಹೇಗೆ ಕಳೆದಿರಿ?" ಎಂದು ಕೇಳಿದರೆ ಒಬ್ಬರು ಸ್ನಾನ ಮಾಡಿದೆ ಎನ್ನುತ್ತಾರೆ, ಒಬ್ಬರು ಎರಡು ತಟ್ಟೆ ಅನ್ನ ಉಂಡೆ ಎನ್ನುತ್ತಾರೆ, ಒಬ್ಬರು ದನದ ಕೊಟ್ಟಿಗೆ ತೊಳೆದೆ ಎನ್ನುತ್ತಾರೆ. ಉಪದೇಶಕ್ಕಿಂತ ಈ ಉಪಾಯಗಳು ಮನೆಗೆ ಹೋಗುತ್ತವೆ. ಹಸಿವು, ಸಿಟ್ಟು, ಒಂಟಿತನ, ದಣಿವು ಎಂಬ ನಾಲ್ಕನ್ನು ನೋಡಿಕೊಳ್ಳಿ ಎಂಬ ಹಳೆಯ ಮಾತು ಎಎ ವಲಯದಲ್ಲಿ ಬಳಕೆಯಲ್ಲಿದೆ. ಅವುಗಳಲ್ಲಿ ಒಂದೊಂದನ್ನೂ ಒಂದೊಂದು ವಾರಕ್ಕೆ ಇಟ್ಟುಕೊಂಡರೆ ಒಂದು ತಿಂಗಳು ಸರಾಗವಾಗಿ ಸಾಗುತ್ತದೆ.

ಒಬ್ಬ ಸದಸ್ಯರು ಮತ್ತೆ ಕುಡಿದು ಬಂದಿದ್ದಾರೆ. ಅದನ್ನೇ ವಿಷಯ ಮಾಡಬಹುದೆ?

ಅವರನ್ನು ವಿಷಯ ಮಾಡಬಾರದು. ಜಾರಿಬೀಳುವುದನ್ನು ಮಾಡಬಹುದು, ಅದೂ ಅವರು ಒಪ್ಪಿದರೆ. ಅಮಲಿನಲ್ಲೇ ಬಂದಿದ್ದರೆ ಅಂದು ಸುಮ್ಮನೆ ಕುಳಿತು ಕೇಳಲಿ, ಮಾತಾಡುವುದು ಮುಂದಿನ ವಾರಕ್ಕಿರಲಿ.

ಅಮೆರಿಕದ ಮನಶ್ಶಾಸ್ತ್ರಜ್ಞ ಆ್ಯಲನ್ ಮಾರ್ಲಟ್ ಮತ್ತು ಸಂಗಡಿಗರು ಮತ್ತೆ ಚಟಕ್ಕೆ ಬಿದ್ದವರನ್ನು ವಿಚಾರಿಸಿ ನೋಡಿದಾಗ, ಮುಕ್ಕಾಲು ಪಾಲಿನ ಆಸುಪಾಸು ಘಟನೆಗಳ ಹಿಂದೆ ಮೂರೇ ಬಗೆಯ ಸಂದರ್ಭಗಳಿದ್ದವು: ಬೇಸರ, ಸಿಟ್ಟು, ಖಿನ್ನತೆಗಳಂಥ ಮನಸ್ಸಿನ ಸ್ಥಿತಿ, ಇನ್ನೊಬ್ಬರೊಡನೆ ಜಗಳ, ಮತ್ತು ಗೆಳೆಯರ ಒತ್ತಾಯ. ಸಭೆಗೆ ಬೇಕಾದ ವಿಷಯಗಳು ಈ ಮೂರರಲ್ಲೇ ಸಿಗುತ್ತವೆ. ಅವರು ಗುರುತಿಸಿದ ಇನ್ನೊಂದು ಸಂಗತಿ ನಮಗೆ ಗಾದೆಯಲ್ಲೇ ಗೊತ್ತಿತ್ತು: ಮುಳುಗಿದವನಿಗೆ ಚಳಿಯೇನು, ಮಳೆಯೇನು. ಒಂದು ಪೆಗ್ ಕುಡಿದವನು "ಹೇಗೂ ವ್ರತ ಕೆಟ್ಟಿತು" ಎಂದುಕೊಂಡು ಬಾಟಲಿ ಮುಗಿಸುತ್ತಾನೆ, ಮತ್ತೆ ಆ ನಾಚಿಕೆಗೆ ಒಂದು ವಾರ ಕುಡಿಯುತ್ತಾನೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ "ಏಕೆ ಕುಡಿದಿರಿ?" ಎಂಬುದಕ್ಕಿಂತ "ಮೊದಲ ಗುಟುಕಿಗೂ ಎರಡನೆಯದಕ್ಕೂ ನಡುವೆ ಮನಸ್ಸಿನಲ್ಲಿ ಯಾವ ಮಾತು ಓಡಿತು?" ಎಂಬುದು. ಅದರ ಹಿಂದಿನ ದಿನದ ಬಗ್ಗೆಯೂ ಕೇಳಿ. ಜಾರುವುದು ಬಾರಿನಲ್ಲಿ ಅಪರೂಪ. ಸಾಮಾನ್ಯವಾಗಿ ಅದು ಎರಡು ಮೂರು ದಿನ ಮೊದಲೇ, ಸಭೆಗೆ ಹೋಗುವುದು ಬೇಡ ಎನ್ನಿಸಿದಾಗ, ಹಳೆಯ ಗೆಳೆಯನಿಗೆ 'ಸುಮ್ಮನೆ' ಫೋನು ಮಾಡಿದಾಗ ಆರಂಭವಾಗಿರುತ್ತದೆ.

ಹಬ್ಬ, ಜಾತ್ರೆ, ಚುನಾವಣೆಗಳಿಗೆ ತಕ್ಕಂತೆ ವಿಷಯ ಬದಲಿಸಬೇಕೆ?

ಖಂಡಿತ. ಸಿದ್ಧ ಪಟ್ಟಿಗಳನ್ನು ಹಿಡಿದು ನಡೆಸುವ ಸಭೆಗಳು ಸೋಲುವುದು ಇಲ್ಲೇ. ಆ ಪಟ್ಟಿಗಳಲ್ಲಿ ಕ್ರಿಸ್ಮಸ್ಸು, ಹೊಸ ವರ್ಷ ಇರುತ್ತವೆ. ನಮ್ಮ ಪಂಚಾಂಗ ಇರುವುದಿಲ್ಲ. ಹಳೆ ಮೈಸೂರು ಸೀಮೆಯಲ್ಲಿ ಕುಡಿತ ಬಿಟ್ಟವನಿಗೆ ವರ್ಷದ ಅತಿ ಕಷ್ಟದ ದಿನ ಯಾವುದೆಂದರೆ ಯುಗಾದಿಯ ಮರುದಿನದ ಹೊಸತೊಡಕು. ಬೆಳಗಿನಿಂದ ಬಾಡೂಟದ ಘಮ, ಜಗಲಿಯ ಮೇಲೆ ಇಸ್ಪೀಟು, "ವರ್ಷಕ್ಕೊಂದು ದಿನ ಕಣೋ" ಎನ್ನುವ ಭಾವಮೈದ. ಇದಕ್ಕೆ ಮುಂಚಿನ ಸಭೆಯಲ್ಲಿ "ಹೊಸತೊಡಕಿನ ದಿನ ಮಧ್ಯಾಹ್ನ ಎಲ್ಲಿರುತ್ತೀರಿ, ಯಾರ ಜೊತೆ ಇರುತ್ತೀರಿ, ಬೇಡ ಎನ್ನಲು ಯಾವ ಮಾತು ಬಳಸುತ್ತೀರಿ?" ಎಂದು ಕೇಳಲೇಬೇಕು. ಮರುವಾರ "ಏನಾಯಿತು?" ಎಂಬುದೂ ವಿಷಯವೇ. ಬೀಗರೂಟ, ಊರ ಮಾರಿಹಬ್ಬ, ದೀಪಾವಳಿಯ ಜೂಜು, ಡಿಸೆಂಬರ್ 31ರ ರಾತ್ರಿ ಇವಕ್ಕೂ ಇದೇ ಕ್ರಮ.

ಕೆಲವು ಕಡೆ ಮದ್ಯ ಆಚರಣೆಯ ಒಳಗೇ ಇರುತ್ತದೆ. ಗುರುಕಾರಣರಿಗೆ, ಅಂದರೆ ಮನೆತನದ ಗತಿಸಿದ ಹಿರಿಯರಿಗೆ, ಮದ್ಯವನ್ನು ಅರ್ಪಿಸುವ ಕೊಡವ ಮನೆಗಳಲ್ಲಿ, ಕೊರಗಜ್ಜ ದೈವಕ್ಕೆ ಕಳ್ಳು ಅಥವಾ ಮದ್ಯವನ್ನು ಒಪ್ಪಿಸುವ ತುಳುನಾಡಿನಲ್ಲಿ, ಬಿಟ್ಟವನಿಗೆ ಎದುರಾಗುವ ಪ್ರಶ್ನೆ ಭಕ್ತಿಯದು, ಮರ್ಯಾದೆಯದು. ಅರ್ಪಿಸಿ ತಾನು ಮುಟ್ಟದಿರಬಹುದೆ, ಪ್ರಸಾದವನ್ನು ಬೇಡ ಎನ್ನುವುದು ಹೇಗೆ, ಆ ಕೆಲಸವನ್ನು ತಮ್ಮನಿಗೆ ವಹಿಸಬಹುದೆ? ಆಚರಣೆಯನ್ನು ಖಂಡಿಸುವ ಗೊಡವೆ ಸಭೆಗೆ ಬೇಡ. ಆ ಮನೆಯೊಳಗೆ ಈ ಒಬ್ಬ ಮನುಷ್ಯ ಬದುಕುಳಿಯುವ ದಾರಿಯನ್ನು ಅದೇ ಊರಿನ ಇತರರು ಹೇಳಿಕೊಡಲಿ.

ಕೂಲಿಯವರಿಗೆ ಹಬ್ಬ ವಾರಕ್ಕೊಮ್ಮೆ ಬರುತ್ತದೆ, ಅದಕ್ಕೆ ಬಟವಾಡೆ ಎಂದು ಹೆಸರು. ತೋಟದ ಕೆಲಸಗಾರರೂ ಗಾರೆ ಕೆಲಸದವರೂ ಇರುವ ಗುಂಪಿನಲ್ಲಿ "ಬಟವಾಡೆಯ ದುಡ್ಡು ಕೈಗೆ ಬಂದ ಮೊದಲ ಒಂದು ಗಂಟೆ" ಎಂಬ ವಿಷಯವನ್ನು ಮೂರು ತಿಂಗಳಿಗೊಮ್ಮೆ ಇಟ್ಟರೂ ಹಳಸುವುದಿಲ್ಲ. ಚುನಾವಣೆಯ ಕಾಲದಲ್ಲಿ ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆ ಅಂಗಡಿ ಮುಚ್ಚಿರುತ್ತದೆ ಎಂಬುದು ನಿಜ. ಅದಕ್ಕೆ ಮೊದಲಿನ ಹದಿನೈದು ದಿನ ಯಾರ ಮನೆಯ ಹಿತ್ತಿಲಲ್ಲಿ ಏನು ಸಿಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಪಕ್ಷದ ಹೆಸರೆತ್ತದೆ "ಪುಕ್ಕಟೆ ಬಂದದ್ದನ್ನು ಬೇಡ ಎನ್ನುವುದು" ಎಂದು ವಿಷಯ ಇಡಿ.

ಹಿರಿಯರು ಹೆಚ್ಚಾಗಿರುವ ಗುಂಪಿನಲ್ಲಿ ನಾನು ಇಷ್ಟಪಡುವ ಇನ್ನೊಂದು ವಿಷಯವಿದೆ: "ಅಂಗಡಿ ಮುಚ್ಚಿದಾಗ ಏನು ಮಾಡಿದಿರಿ?" 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತುಹೋಯಿತು, 2020ರ ಲಾಕ್‌ಡೌನಿನಲ್ಲಿ ಮಾರ್ಚ್ ಕೊನೆಯಿಂದ ಮೇ 4ರವರೆಗೆ ಮದ್ಯದಂಗಡಿಗಳ ಬಾಗಿಲು ಹಾಕಿತ್ತು. ಕೆಲವರು ಅಂದೇ ಬಿಟ್ಟರು, ಕೆಲವರು ದುಬಾರಿ ಬಾಟಲಿಗೆ ಬದಲಾದರು, ಕೆಲವರು ಸ್ಯಾನಿಟೈಸರಿನವರೆಗೂ ಕೈಚಾಚಿದ್ದನ್ನು ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಚಟಕ್ಕೂ ಅಂಗಡಿಗೂ ಇರುವ ನಂಟು ಎಷ್ಟು, ತನಗೂ ಚಟಕ್ಕೂ ಇರುವ ನಂಟು ಎಷ್ಟು ಎಂಬ ಲೆಕ್ಕ ಆ ಮಾತುಗಳಲ್ಲಿ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಸಾಲ, ಹಣದ ಬಗ್ಗೆ ಮಾತಾಡಬಹುದೆ?

ಮಾತಾಡಬೇಕು, ಆದರೆ ಮೊತ್ತ ಹೇಳಬೇಕಾಗಿಲ್ಲ. "ಯಾರಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದೀರಿ?" ಎಂಬಲ್ಲಿಂದ ಶುರುಮಾಡಿ. ಸಭೆಯೊಳಗೆ ಒಬ್ಬರಿಗೊಬ್ಬರು ಸಾಲ ಕೊಡುವುದಿಲ್ಲ ಎಂಬ ನಿಯಮವನ್ನು ಅದೇ ದಿನ ನೆನಪಿಸಿ. ಸಾಲದಿಂದ ಒಡೆದ ಗುಂಪುಗಳು, ನನ್ನ ಅನುಭವದಲ್ಲಿ, ಕುಡಿತದಿಂದ ಒಡೆದವುಗಳಿಗಿಂತ ಹೆಚ್ಚು.

ದೇವರು, ಜಾತಿ, ರಾಜಕೀಯ?

ಜಾತಿ ಮತ್ತು ರಾಜಕೀಯವನ್ನು ಬಾಗಿಲ ಹೊರಗೆ ಚಪ್ಪಲಿಯ ಜೊತೆ ಬಿಡಬೇಕು. ಹೊರಗಿನ ವಿಷಯಗಳ ಬಗ್ಗೆ ತಮಗೆ ಯಾವ ಅಭಿಪ್ರಾಯವೂ ಇಲ್ಲ ಎಂಬುದು ಎಎ ಗುಂಪುಗಳ ಸಂಪ್ರದಾಯಗಳಲ್ಲೇ ಒಂದು. ಬೇರೆ ಗುಂಪುಗಳೂ ಇದನ್ನು ಎರವಲು ಪಡೆದರೆ ನಷ್ಟವಿಲ್ಲ. ಆದರೆ ಜಾತಿಯ ಕಾರಣದಿಂದ ತಾನು ಅನುಭವಿಸಿದ ಅವಮಾನವನ್ನೂ ಅದನ್ನು ಮರೆಯಲು ಕುಡಿದದ್ದನ್ನೂ ಒಬ್ಬರು ಹೇಳತೊಡಗಿದರೆ ಅದು ರಾಜಕೀಯವೆಂದು ಬಾಯಿ ಮುಚ್ಚಿಸಬೇಡಿ, ಅದು ಅವರ ಕಥೆ.

ದೇವರ ವಿಷಯ ನಾಜೂಕು. ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತದೆ, ಅದರ ಜೊತೆಗೇ 'ನಾವು ತಿಳಿದಂತೆ' ಎಂಬ ಸಡಿಲವನ್ನೂ ಇಟ್ಟಿದ್ದಾರೆ. ಒಬ್ಬರಿಗೆ ಅದು ಮಂಜುನಾಥ, ಒಬ್ಬರಿಗೆ ಅಲ್ಲಾಹು, ಒಬ್ಬರಿಗೆ ಈ ಗುಂಪೇ. "ನಿಮ್ಮ ಕೈಮೀರಿದಾಗ ಯಾವುದಕ್ಕೆ ಒರಗುತ್ತೀರಿ?" ಎಂದು ಕೇಳಿದರೆ ನಾಸ್ತಿಕರೂ ಉತ್ತರಿಸಬಲ್ಲರು. ದೇವರ ಮುಂದೆ ಆಣೆ ಇಟ್ಟು ಮುರಿದವರ ಪಾಪಭೀತಿ ನಮ್ಮ ಕಡೆ ಬಹಳ ಸಾಮಾನ್ಯ. ಮುರಿದ ಆಣೆಗಳ ಬಗ್ಗೆ ಒಂದು ಸಭೆಯನ್ನೇ ಮೀಸಲಿಡಬಹುದು.

ಮಾತ್ರೆ, ಔಷಧಿಗಳ ಬಗ್ಗೆ ಚರ್ಚಿಸಬಹುದೆ?

ಅನುಭವ ಹೇಳಬಹುದು, ಔಷಧಿ ಹೇಳಬಾರದು. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್, ಡೈಸಲ್ಫಿರಾಮ್ ಇವು ಕುಡಿತದ ಚಿಕಿತ್ಸೆಯಲ್ಲಿ ವೈದ್ಯರು ಬಳಸುವ ಔಷಧಿಗಳು. ಅಫೀಮು ಜಾತಿಯ ಚಟಕ್ಕೆ ಬ್ಯೂಪ್ರೆನಾರ್ಫಿನ್ ಕೊಡುತ್ತಾರೆ. "ಮಾತ್ರೆ ನುಂಗುವವನು ನಿಜವಾಗಿ ಬಿಟ್ಟವನಲ್ಲ" ಎಂಬ ಮಾತು ಕೆಲವು ಹಳಬರ ಬಾಯಿಂದ ಬರುತ್ತದೆ. ಆ ಮಾತು ಕೇಳಿ ಖಿನ್ನತೆಯ ಮಾತ್ರೆ ನಿಲ್ಲಿಸಿದವರು ಅಪಾಯಕ್ಕೆ ಸಿಲುಕುತ್ತಾರೆ, ಆದ್ದರಿಂದ ನಡೆಸುವವರು ಅಲ್ಲೇ ತಡೆಯಬೇಕು. "ಮಾತ್ರೆ ತೆಗೆದುಕೊಳ್ಳುವುದನ್ನು ನೆನಪಿಡುವುದು ಹೇಗೆ, ವೈದ್ಯರಿಗೆ ನಿಜ ಹೇಳುವುದು ಹೇಗೆ?" ಎಂಬಷ್ಟಕ್ಕೆ ವಿಷಯವನ್ನು ಸೀಮಿತಗೊಳಿಸಿ.

ಆತ್ಮಹತ್ಯೆಯ ಯೋಚನೆ, ಹಿಂಸೆ ಮುಂತಾದವು ನಡುವೆ ಬಂದರೆ?

ಇವುಗಳನ್ನು ವಿಷಯವಾಗಿ ಆರಿಸುವ ಮೊದಲು ಎರಡು ಸಲ ಯೋಚಿಸಿ. ಆರಿಸದಿದ್ದರೂ ಬರುತ್ತವೆ ಎಂದು ತಿಳಿದಿರಿ. ಬಂದಾಗ ವಿಷಯವನ್ನು ಬದಿಗಿಟ್ಟು ಆ ಮನುಷ್ಯನನ್ನು ಕೇಳಿ. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟಿಕೊಳ್ಳುವುದಿಲ್ಲ. ಸಭೆ ಮುಗಿದ ಮೇಲೆ ಅವರನ್ನು ಒಂಟಿಯಾಗಿ ಕಳುಹಿಸಬೇಡಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲಿರುಳೂ ಕನ್ನಡದಲ್ಲಿ ಸಿಗುತ್ತದೆ. ಮಾದಕ ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಎರಡನ್ನೂ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಡಿ.

ಸಭೆಯಲ್ಲಿ ಆಡಿದ್ದು ಸಭೆಯಲ್ಲೇ ಉಳಿಯಬೇಕೆಂಬ ನಿಯಮಕ್ಕೂ ಎಲ್ಲೆ ಇದೆ. ಮಗುವೊಂದರ ಮೇಲೆ ಲೈಂಗಿಕ ದೌರ್ಜನ್ಯ ನಡೆಯುತ್ತಿದೆ ಎಂದು ತಿಳಿದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಬಾಲ್ಯದ ನೋವನ್ನು ವಿಷಯವಾಗಿ ಇಡುವ ದಿನ ಈ ಎಲ್ಲೆಯನ್ನು ಆರಂಭದಲ್ಲೇ ಹೇಳುವುದು ನ್ಯಾಯ.

ಗುಂಪಿನಲ್ಲಿ ಹೆಂಗಸರು ಒಬ್ಬಿಬ್ಬರೇ ಇದ್ದರೆ?

ಕುಡಿಯುವ ಹೆಂಗಸಿನ ಮೇಲೆ ಬೀಳುವ ಮಾತು ಕುಡಿಯುವ ಗಂಡಸಿನ ಮೇಲೆ ಬೀಳುವುದಿಲ್ಲ ಎಂಬುದನ್ನು ಮರೆತು ಆರಿಸಿದ ವಿಷಯಗಳೆಲ್ಲ ಗಂಡಸರವೇ ಆಗಿರುತ್ತವೆ: ಬಾರು, ಗೆಳೆಯರು, ಹೆಂಡತಿಯ ಮುನಿಸು. ಮನೆಯೊಳಗೆ ಅಡುಗೆಮನೆಯ ಡಬ್ಬಿಯ ಹಿಂದೆ ಬಾಟಲಿ ಬಚ್ಚಿಟ್ಟವಳಿಗೆ, ಮೈಕೈ ನೋವಿಗೆಂದು ಶುರುವಾದ ಮಾತ್ರೆಯನ್ನು ಬಿಡಲಾಗದವಳಿಗೆ ಅಲ್ಲಿ ಜಾಗವಿಲ್ಲ. "ಎಲ್ಲಿ ಬಚ್ಚಿಡುತ್ತಿದ್ದಿರಿ?" ಎಂಬ ಪ್ರಶ್ನೆಗೆ ಇಬ್ಬರೂ ಉತ್ತರಿಸಬಲ್ಲರು. ಸಾಧ್ಯವಾದರೆ ತಿಂಗಳಿಗೊಮ್ಮೆ ಹೆಂಗಸರದೇ ಸಭೆ ನಡೆಯಲಿ, ಸಂಜೆಯ ಬದಲು ಮಧ್ಯಾಹ್ನ.

ಕುಟುಂಬದವರ ಸಭೆಗೆ ಯಾವ ವಿಷಯಗಳು ಹೊಂದುತ್ತವೆ?

ಕುಡಿಯುವವನ ಬಗ್ಗೆ ದೂರು ಹೇಳುವುದರಲ್ಲೇ ಸಮಯ ಕಳೆದುಹೋಗುವುದು ಇಲ್ಲಿನ ತೊಂದರೆ, ಮೊದಲ ಎರಡು ಸಭೆಗಳಲ್ಲಿ ಅದಕ್ಕೂ ಅವಕಾಶವಿರಲಿ. ಆಮೇಲೆ ವಿಷಯ ಅವರ ಕಡೆಗೇ ತಿರುಗಬೇಕು. ಅವನ ಆಫೀಸಿಗೆ "ಜ್ವರ" ಎಂದು ಸುಳ್ಳು ಹೇಳಿದ ದಿನ, ಜೇಬು ಹುಡುಕುವ ಅಭ್ಯಾಸ, ಬಿಟ್ಟ ಮೇಲೂ ಹತ್ತಿರ ಬಂದಾಗ ಬಾಯಿ ಮೂಸಿ ನೋಡುವ ಅನುಮಾನ, ಮಕ್ಕಳಿಗೆ ಏನು ಹೇಳಿದಿರಿ ಎಂಬುದು. ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸುವ ಪುಡಿಯ ಜಾಹೀರಾತುಗಳ ಬಗ್ಗೆ ಒಂದು ಸಭೆ ಅವಶ್ಯವಾಗಿ ನಡೆಯಲಿ. ಡೈಸಲ್ಫಿರಾಮಿನಂಥ ಔಷಧಿ ಹೊಟ್ಟೆಯಲ್ಲಿದ್ದಾಗ ಅದನ್ನು ತಿಳಿಯದ ಮನುಷ್ಯ ಮದ್ಯ ಕುಡಿದರೆ ವಾಂತಿ, ಎದೆಬಡಿತ, ರಕ್ತದೊತ್ತಡದ ಕುಸಿತ ಉಂಟಾಗಿ ಪ್ರಾಣಕ್ಕೇ ಸಂಚಕಾರ ಬರಬಹುದು. ಪ್ರೀತಿಯಿಂದಲೇ ಇದನ್ನು ಮಾಡುವವರಿಗೆ ಪ್ರೀತಿಯಿಂದಲೇ ತಿಳಿಸಬೇಕು.

ಬೇರೆ ಬೇರೆ ಚಟದವರು ಒಂದೇ ಸಭೆಯಲ್ಲಿದ್ದರೆ?

ವಸ್ತುವನ್ನು ಬಿಟ್ಟು ಸಂದರ್ಭವನ್ನು ವಿಷಯ ಮಾಡಿ. ಗುಟ್ಕಾ ಜಗಿಯುವವನಿಗೂ ಫೋನಿನಲ್ಲಿ ರಮ್ಮಿ ಆಡುವವನಿಗೂ ಕ್ವಾರ್ಟರಿನವನಿಗೂ "ಊಟವಾದ ಮೇಲಿನ ಹತ್ತು ನಿಮಿಷ" ಒಂದೇ. "ಕುಡಿತ ಬಿಟ್ಟೆ, ಬೀಡಿ ಎರಡು ಪಟ್ಟಾಯಿತು" ಎಂಬುದೂ ಮಿಶ್ರ ಗುಂಪಿನಲ್ಲೇ ಚೆನ್ನಾಗಿ ಹೊರಬರುವ ಮಾತು.

ಒಂದೇ ವಿಷಯವನ್ನು ಮತ್ತೆ ಮತ್ತೆ ಇಡಬಹುದೆ?

ಇಡಬಹುದು. ಆರು ತಿಂಗಳ ಹಿಂದೆ ಅದಕ್ಕೆ ಉತ್ತರ ಹೇಳಿದವನು ಇಂದು ಬೇರೆಯೇ ಉತ್ತರ ಹೇಳುತ್ತಾನೆ, ಆ ವ್ಯತ್ಯಾಸ ಅವನಿಗಿಂತ ಮೊದಲು ಕೇಳುವವರಿಗೆ ಗೊತ್ತಾಗುತ್ತದೆ. ಸಣ್ಣ ಪುಸ್ತಕವೊಂದರಲ್ಲಿ ದಿನಾಂಕ ಮತ್ತು ವಿಷಯ ಬರೆದಿಡಿ. ಯಾರು ಏನು ಹೇಳಿದರು ಎಂಬುದನ್ನು ಯಾವ ಕಾರಣಕ್ಕೂ ಬರೆಯಬೇಡಿ.

ವಿಷಯ ಕೊಟ್ಟ ಮೇಲೂ ಎಲ್ಲರೂ ಸುಮ್ಮನೆ ಕುಳಿತರೆ?

ಎಣಿಸಿ ಮೂವತ್ತು ಸೆಕೆಂಡು ತಡೆಯಿರಿ. ಆ ಮೌನವನ್ನು ನಾವು ತುಂಬಿಸಲು ಹೊರಡುವುದೇ ಹೆಚ್ಚಿನ ಸಭೆಗಳು ಭಾಷಣವಾಗಲು ಕಾರಣ. ಆಮೇಲೂ ಯಾರೂ ಬಾಯಿ ತೆರೆಯದಿದ್ದರೆ ನಡೆಸುವವರು ತಾವೇ ಆ ಪ್ರಶ್ನೆಗೆ ಎರಡು ನಿಮಿಷದಲ್ಲಿ ಉತ್ತರಿಸಲಿ, ತಮ್ಮ ಗೆಲುವಿನ ಕಥೆಯನ್ನಲ್ಲದೆ ತಮಗೆ ನಾಚಿಕೆಯಾದ ಕಥೆಯನ್ನು ಹೇಳಲಿ. ಇದಕ್ಕೆ ವಿರುದ್ಧವಾಗಿ ಒಬ್ಬರೇ ಹದಿನೈದು ನಿಮಿಷ ಹಿಡಿದುಕೊಂಡರೆ, ಆರಂಭದಲ್ಲೇ ಎಲ್ಲರಿಗೂ ಹೇಳಿದ ಸಮಯದ ಮಿತಿಯನ್ನು ನೆನಪಿಸುವುದರಲ್ಲಿ ಸಂಕೋಚ ಬೇಡ. ಟೇಬಲ್ಲಿನ ಮೇಲಿಟ್ಟ ಒಂದು ಸಣ್ಣ ಗಂಟೆ ಈ ಕೆಲಸವನ್ನು ಮನುಷ್ಯರಿಗಿಂತ ಮರ್ಯಾದೆಯಾಗಿ ಮಾಡುತ್ತದೆ.

ಸಮಯ ಮುಗಿಯಿತು, ವಿಷಯ ಮುಗಿದಿಲ್ಲ. ಸಭೆಯನ್ನು ಮುಂದುವರಿಸಬಹುದೆ?

ಬೇಡ. ಹೇಳಿದ ಹೊತ್ತಿಗೆ ಮುಗಿಸಿ. ಕೊನೆಯ ಬಸ್ಸು ಹಿಡಿಯಬೇಕಾದವರಿರುತ್ತಾರೆ, ಸಭೆಗೆ ಹೋಗುತ್ತೇನೆಂದು ಮನೆಯಲ್ಲಿ ಗಡುವು ಕೊಟ್ಟು ಬಂದವರಿರುತ್ತಾರೆ, ಅವರು ಅರ್ಧ ಗಂಟೆ ತಡವಾಗಿ ಹೋದರೆ ಬಾಗಿಲಲ್ಲಿ ನಿಂತವರಿಗೆ ಹಳೆಯ ದಿನಗಳೇ ನೆನಪಾಗುತ್ತವೆ. ಉಳಿದ ಮಾತನ್ನು ಚಹಾದ ಲೋಟ ಹಿಡಿದು ಹೊರಗಿನ ಕಟ್ಟೆಯ ಮೇಲೆ ಆಡಿಕೊಳ್ಳಲಿ, ಇನ್ನೂ ಉಳಿದರೆ ಮುಂದಿನ ವಾರ ಡಬ್ಬಿಯಲ್ಲಿ ಚೀಟಿಯಾಗಿ ಬರುತ್ತದೆ.